ಮೈಲುತುತ್ತಕ್ಕೆ ದೊಡ್ಡಪ್ಪನ ಸುಣ್ಣ

ಇದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ಜೀಪಿನ ಅಡಿಯಿಂದ. ಪಿಯುಸಿ ಪಾಸಾದ ಸುದ್ದಿ ಹೊತ್ತು ನಾನು ಓಡಿಬಂದಾಗ ಅವರು ಅಂಗಳದಲ್ಲಿ ಜೀಪಿನ ಕೆಳಗೆ ಮಲಗಿದ್ದರು. ಹೊರಗೆ ಕಾಣುತ್ತಿದ್ದುದು ಎರಡು ಕಾಲು ಮಾತ್ರ. "ಡಿಗ್ರಿಯಾ? ನಮ್ಮ ಮನೇಲಾ? ಆಗೋ ಹೋಗೋ ಮಾತಲ್ಲ ಮಾರಾಯ್ತಿ. ಆ ಸ್ಪ್ಯಾನರ್ ಕೊಡು" ಎಂದವು ಕಾಲುಗಳು. ನನ್ನ ಭವಿಷ್ಯದ ತೀರ್ಪು ಕೊಟ್ಟ ನ್ಯಾಯಾಧೀಶರ ಮುಖವನ್ನೂ ನಾನು ನೋಡಲಿಲ್ಲ ನೋಡಿ!

ನಮ್ಮದು ಬಾಳೂರಿನ ಕಡೆ, ಗುಡ್ಡದ ಇಳಿಜಾರಿನಲ್ಲಿ ಸಣ್ಣದೊಂದು ಕಾಫಿ ತೋಟ. ಅಪ್ಪನದು ಮಾತು ಕಡಿಮೆ. ಮನೆಯ ತೀರ್ಮಾನವೆಲ್ಲ ಅವರ ಅಣ್ಣನದು. ಆ ಅಣ್ಣನ ಜಗಳ ನಿಜವಾಗಿ ನನ್ನ ಜೊತೆಗಲ್ಲ, ಇಡೀ ಪಶ್ಚಿಮ ದೇಶಗಳ ಜೊತೆಗೆ. ಇಂಗ್ಲಿಷರು ಗಂಟುಮೂಟೆ ಕಟ್ಟಿಕೊಂಡು ಹೋಗುವಾಗ ತಮ್ಮ ಪುಸ್ತಕ, ಪರೀಕ್ಷೆಗಳನ್ನೂ ಹೊತ್ತುಕೊಂಡು ಹೋಗಬೇಕಿತ್ತು, ಬೇಕೆಂದೇ ಮರೆತು ಹೋದರು ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತ ಮಂಡಿಸುವಾಗ ಅವರ ಮೈಮೇಲೆ ಖಾಕಿ ಚಡ್ಡಿ, ಕಾಲಲ್ಲಿ ಗಮ್‌ಬೂಟು, ಕೈಯಲ್ಲಿ ಕಾಫಿ ಲೋಟ. ಬಾಯಲ್ಲಿ? "ಮೇಸ್ತ್ರಿಗೆ ಹೇಳಿ ಪಾರ್ಚ್‌ಮೆಂಟ್ ಕಾಫಿ ಲೋಡ್ ಮಾಡ್ಸು, ಎಸ್ಟೇಟ್ ಗೇಟ್ ಲಾಕ್ ಮಾಡು!" ಈ ವಾಕ್ಯದಲ್ಲಿ ಕನ್ನಡಕ್ಕೆ ಉಳಿದದ್ದು ಬರೀ ದುಡಿಮೆ: ಹೇಳು, ಮಾಡು, ಮಾಡಿಸು!

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ದೊಡ್ಡಪ್ಪ, ಈ ಜೀಪು ಯಾವ ದೇಶದ್ದು?"

"ಯಾವ ದೇಶದ್ದಾದ್ರೆ ಎಂತ? ಚಾರ್ಮಾಡಿ ಘಾಟಿ ಹತ್ತಿದ್ಮೇಲೆ ನಮ್ದೇ!"

"ಕಾಫಿ? ಅದೂ ಅರಬರ ನಾಡಿಂದ ಬಂದಿದ್ದಲ್ವಾ?"

"ಬಂದು ಎಷ್ಟು ತಲೆಮಾರಾಯ್ತು! ಸೊಸೆ ಮನೆಗೆ ಬಂದು ಮೊಮ್ಮಕ್ಕಳಾದ ಮೇಲೂ ಯಾವೂರೋಳು ನೀನು ಅಂತ ಕೇಳ್ತಾರೇನೆ?"

"ಹಾಗಾದ್ರೆ ಡಿಗ್ರಿನೂ ಒಂದು ಸೊಸೆ ಅಂದ್ಕೊಳ್ಳಿ."

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಸೊಸೆ ಮನೇನ ನೋಡ್ಕೊಳ್ತಾಳೆ. ಆ ವಿದ್ಯೆ ಕಲಿತೋರಿಗೆ ಮೊದ್ಲು ಮನೆಯೋರೇ ಕಾಣ್ಸಲ್ಲ."

ಅವರು ನಗಿಸದೆ ಆಡಿದ ಮಾತು ನನಗೆ ನೆನಪಿರುವಂತೆ ಅದೊಂದೇ.

ಅದೇ ಬೇಸಿಗೆಯಲ್ಲಿ ಕೊಟ್ಟಿಗೆಹಾರದ ಹತ್ತಿರದ ಹೋಂಸ್ಟೇಯೊಂದಕ್ಕೆ ಒಬ್ಬರು ವಿದೇಶಿ ಮೇಡಂ ಬಂದು ಇಳಿದರು. ನಮ್ಮೂರಿನ ಶಾಲೆಯ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಇಂಗ್ಲಿಷನ್ನೂ, ಧೈರ್ಯವಾಗಿ ಪ್ರಶ್ನೆ ಕೇಳುವುದನ್ನೂ ಕಲಿಸುವುದು ಅವರ ಉದ್ದೇಶ. ಅವರ ಮಾತನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಿಯುಸಿ ಇಂಗ್ಲಿಷಿಗೆ ಬಿತ್ತು. ಸುದ್ದಿ ತಿಳಿದ ದೊಡ್ಡಪ್ಪ ಸುಮ್ಮನಿರುತ್ತಾರೆಯೆ? ಬಂದು ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿಕೊಂಡು ಕೂತರು. "ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದು ಮೇಡಂ ಕೇಳಿದ್ದೇ ತಡ, ಮಕ್ಕಳಿಗಿಂತ ಮೊದಲು ಎದ್ದದ್ದು ಅವರ ಕೈ!

"ನಿಮ್ಮೂರಿನ ಶಾಲೆಗೆ ನಮ್ಮೂರೋರು ಯಾರಾದ್ರೂ ಪಾಠ ಹೇಳೋಕೆ ಬಂದಿದಾರಾ ಅಂತ ಕೇಳೇ."

ಕೇಳಿದೆ. ಮೇಡಂ ಇಲ್ಲ ಎಂದರು.

"ಹಾಗಾದ್ರೆ ಇದು ಮುಯ್ಯಿ ಅಲ್ಲ ಅಂತ ಹೇಳು."

ಮುಯ್ಯಿಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಇವತ್ತು ನಿಮ್ಮ ತೋಟದ ಕೆಲಸಕ್ಕೆ ನಾವು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು ಬರಬೇಕು. ಇದರಲ್ಲಿ ಯಾರೂ ಧಣಿಯಲ್ಲ, ಯಾರೂ ಆಳಲ್ಲ ಎಂದು ಕೈ ಬಾಯಿ ಎರಡನ್ನೂ ಬಳಸಿ ವಿವರಿಸಿದೆ. ಮೇಡಂ ಜೋರಾಗಿ ನಕ್ಕು, "ಹಾಗಾದರೆ ನಾಳೆ ನೀವು ನನಗೆ ಕಲಿಸಿ" ಎಂದರು.

ಮರುದಿನ ನಮ್ಮ ತೋಟದಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಪಾಠ ನಡೆಯಿತು. ಮೇಡಂ ಉತ್ಸಾಹದಲ್ಲಿ ಬೇಕಾದದ್ದು ಬೇಡದ್ದು ಎಲ್ಲವನ್ನೂ ಚಿವುಟತೊಡಗಿದರು. "ಅಯ್ಯಯ್ಯೋ! ಕಂಡಿದ್ದೆಲ್ಲ ಚಿವುಟಿದ್ರೆ ಗಿಡದಲ್ಲಿ ಉಳಿಯೋದೆಂತ ಅಂತ ಕೇಳೇ ಅವ್ರನ್ನ!" ಎಂದು ದೊಡ್ಡಪ್ಪ ತಲೆ ಚಚ್ಚಿಕೊಂಡರು. ನಾನು ಅನುವಾದಿಸುವ ಮೊದಲೇ ಮೇಡಂ ಕೈ ನಿಲ್ಲಿಸಿದ್ದರು. ಈ ಮಾತನ್ನು ಹಿಂದೆ ಇಲ್ಲಿಗೆ ಬಂದ ಬಿಳಿಯ ದೊರೆಗಳಿಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು.

"ಪರ್ವಾಗಿಲ್ಲ, ಕಲ್ಸೋಕೆ ಬಂದೋರು ಕಲ್ತು ಹೋದ್ರು" ಎಂದು ಸಂಜೆ ದೊಡ್ಡಪ್ಪ ಮೆಚ್ಚಿದರು.

"ನಾನೂ ಹಾಗೇ ಹೋಗಿ ಕಲಿತು..."

"ನಿಂದು ಬೇರೆ."

ಇಡೀ ಪ್ರಪಂಚಕ್ಕೆ ಸಡಿಲವಾದವರು ನನಗೊಬ್ಬಳಿಗೇ ಬಿಗಿ! ಇತ್ತ ಕಾಲೇಜಿಗೆ ಸೇರುವ ಕೊನೆಯ ದಿನ ಹತ್ತಿರವಾಗುತ್ತಿತ್ತು.

ಮಳೆಗೆ ಮುಂಚೆ ಗಿಡಗಳಿಗೆ ರೋಗ ತಡೆಯುವ ಬೋರ್ಡೋ ಔಷಧಿ ಹೊಡೆಯುವುದು ನಮ್ಮಲ್ಲಿ ಹಬ್ಬದಷ್ಟೇ ಮುಖ್ಯ. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಬಿಳಿ ನೀರು; ಎರಡನ್ನೂ ಬೆರೆಸುವ ಅಧಿಕಾರ ದೊಡ್ಡಪ್ಪನಿಗೆ ಮಾತ್ರ. "ಇದು ನಮ್ಮಪ್ಪ ಮಾಡ್ತಿದ್ದ ಔಷಧಿ. ಯಾವ ಬಿಳಿಯನೂ ಹೇಳ್ಕೊಟ್ಟಿದ್ದಲ್ಲ" ಎಂದು ಪ್ರತಿ ವರ್ಷದಂತೆ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

"ದೊಡ್ಡಪ್ಪ, ಬೋರ್ಡೋ ಅಂದ್ರೆ ಫ್ರಾನ್ಸಿನ ಒಂದು ಊರು. ದಾರಿಬದಿಯ ದ್ರಾಕ್ಷಿ ಯಾರೂ ಕದೀಬಾರ್ದು ಅಂತ ಅಲ್ಲಿಯೋರು ತುತ್ತ, ಸುಣ್ಣ ಎರಚ್ತಿದ್ರಂತೆ. ಎರಚಿದ ಬಳ್ಳಿಗೆ ರೋಗಾನೇ ಬರ್ಲಿಲ್ವಂತೆ. ಅದನ್ನ ನೋಡಿ ಒಬ್ರು ಮೇಷ್ಟ್ರು ಈ ಔಷಧಿ ಮಾಡಿದ್ರಂತೆ."

ಕಲಕುತ್ತಿದ್ದ ಕೋಲು ನಿಂತಿತು. "ಎಂತ ಮೇಷ್ಟ್ರು? ಕಾಲೇಜಿಂದಾ?"

"ಹೂಂ. ಡಿಗ್ರಿ ಆದೋರು."

ದೊಡ್ಡಪ್ಪ ಕೋಲು ಬದಿಗಿಟ್ಟರು. ಸೊಂಟದ ಚಾಕು ತೆಗೆದು, ಚಡ್ಡಿಗೆ ಉಜ್ಜಿ ಹೊಳಪು ಮಾಡಿ, ದ್ರಾವಣಕ್ಕೆ ಅದ್ದಿದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ತುತ್ತ ಹೆಚ್ಚಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕೆಂಪು ಹತ್ತಿತ್ತು. ಇನ್ನಷ್ಟು ಸುಣ್ಣ ಸುರಿದು, ಅಲಗನ್ನು ಉಜ್ಜಿ ಮತ್ತೆ ಅದ್ದಿದರು. ಈ ಸಲ ಬೆಳ್ಳಗೇ ಬಂತು. ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದರು:

"ತುತ್ತ ಎಲ್ಲಿಂದಾದ್ರೂ ಬರ್ಲಿ. ಸುಣ್ಣ ಎಷ್ಟು ಹಾಕ್ಬೇಕು ಅಂತ ನಮಗೆ ಗೊತ್ತಿರ್ಬೇಕು." ಆಮೇಲೆ, "ಕಾಲೇಜಿಗೆ ಸೇರೋಕೆ ಕಡೇ ದಿನ ಯಾವತ್ತು?"

"ನಾಳೆ."

"ಮತ್ತೆ ಇಲ್ಲೆಂತ ನಿಂತಿದೀಯ? ಹೋಗು, ಜೀಪ್ ತೊಳಿ!"

ಹಾಗೆ ನಾನು ಬಿ.ಎ. ಸೇರಿದೆ. ಮೂಡಿಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೆಚ್ಚು ದಿನ ನಿಂತೇ ಹೋದೆ, ರಜೆಯಲ್ಲಿ ಕಾಫಿ ಹಣ್ಣು ಕುಯ್ದೆ, ಇಂಗ್ಲಿಷಿನಲ್ಲೇ ಒಮ್ಮೆ ಫೇಲಾಗಿ ಮತ್ತೆ ಬರೆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಲೀಸಾಗಿ ಸಿಕ್ಕಿದ್ದಲ್ಲ ಅದು. ಪಶ್ಚಿಮದವರು ತಮ್ಮ ವಿಚಾರ, ವಿದ್ಯೆಗಳನ್ನು ಬೇರೆ ದೇಶಗಳಿಗೆ ಹಂಚಬೇಕೇ ಎಂದು ಕಾಲೇಜಿನಲ್ಲಿ ಒಮ್ಮೆ ಚರ್ಚಾಸ್ಪರ್ಧೆ ಇಟ್ಟಿದ್ದರು. ಹಂಚಲಿ, ಆ ವಿದ್ಯೆ ಇಲ್ಲದಿದ್ದರೆ ನಾನು ಈ ವೇದಿಕೆ ಹತ್ತುತ್ತಿರಲಿಲ್ಲ. ಆದರೆ ಹಂಚಲು ಬಂದವರು ಮುಯ್ಯಿಗೆ ಕಲಿತೂ ಹೋಗಬೇಕು, ಪಡೆಯುವವರ ಕೈಯಲ್ಲಿ ತಮ್ಮದೇ ಸುಣ್ಣವೂ ಇರಬೇಕು ಎಂದೆ. ತೀರ್ಪುಗಾರರು "ವಿಷಯ ಬಿಟ್ಟು ಮಾತಾಡಿದಿರಿ" ಎಂದರು. ಬಹುಮಾನ ಬರಲಿಲ್ಲ.

"ಬಿಡು, ಅವ್ರಿಗೆ ತೋಟ ಇಲ್ಲ ಅನ್ಸುತ್ತೆ" ಎಂದರು ದೊಡ್ಡಪ್ಪ.

ಸರ್ಟಿಫಿಕೇಟು ಹಿಡಿದು ಮನೆಗೆ ಬಂದ ದಿನವೂ ಅಂಗಳದಲ್ಲಿ ಅವೇ ಡ್ರಮ್ಮುಗಳು. ದೊಡ್ಡಪ್ಪನ ಕೈಗೆ ಕೊಟ್ಟೆ. ಎರಡೂ ಕೈಗಳನ್ನು ಚಡ್ಡಿಗೆ ಉಜ್ಜಿದರು, ಸಾಲದೆಂದು ಮತ್ತೆ ಉಜ್ಜಿದರು. ಆಮೇಲೆ, ಬಾಣಂತಿ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವಂತೆ ಅಂಗೈ ಮೇಲೆ ತಗೊಂಡರು. ಅತ್ತ ಸುಣ್ಣ ತಳ ಹಿಡಿಯುತ್ತಿತ್ತು. ನಾನು ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು, ಕೋಲು ತಗೊಂಡು ಕಲಕಲು ನಿಂತೆ.

ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ, ದೊಡ್ಡಪ್ಪ ನೋಡುತ್ತಿದ್ದುದು ಸರ್ಟಿಫಿಕೇಟನ್ನಲ್ಲ, ನನ್ನನ್ನು. ಆ ಚಾಕುವಿನ ಅಲಗನ್ನು ನೋಡುವ ಹಾಗೆ.

"ಎಂತ ದೊಡ್ಡಪ್ಪ, ಹಾಗೆ ನೋಡ್ತೀರಾ?"

"ಕೆಂಪು ಹತ್ತಿಲ್ಲ ಕಣೆ ಕೂಸೇ," ಎಂದರು. "ಸುಣ್ಣ ಸರಿಯಾಗಿದೆ."