ಫ್ಲ್ಯಾಟ್ ಪೆಡಲ್ ಸವಾರ ಮಹನೀಯರಿಗೆ, ಕೊಬ್ಬರಿ ಎಣ್ಣೆಯ ವಿಚಾರವಾಗಿ

ಅಂತರಜಾಲದ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಸಾಲಾಗಿ ನಿಂತು, ಮೌಂಟನ್ ಬೈಕಿನ ಫ್ಲ್ಯಾಟ್ ಪೆಡಲ್‌ಗಳ ಬಗ್ಗೆ ಅಭಿಪ್ರಾಯ ಬರೆದು, ಐದೈದು ನಕ್ಷತ್ರಗಳನ್ನು ಮದುವೆಮನೆಯ ಅಕ್ಷತೆಯಂತೆ ಎರಚಿರುವ ಸಮಸ್ತ ಸವಾರ ಮಹನೀಯರೇ, ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದೂ, ತಮ್ಮ ಕಣಕಾಲುಗಳ ಗಾಯಗಳು ಮಾಯುತ್ತಿವೆಯೆಂದೂ ನಂಬಿದ್ದೇನೆ. ನಾನು ಗುಬ್ಬಿಯವಳು. ಕನ್ನಡ ಎಂ.ಎ. ಮುಗಿಸಿ, ತುಮಕೂರಿನ ಅಂತರಸನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ಹಪ್ಪಳ, ಉಪ್ಪಿನಕಾಯಿ ಮತ್ತು ಕೊಬ್ಬರಿ ಎಣ್ಣೆಯ ಲೇಬಲ್ಲುಗಳ ಕರಡು ತಿದ್ದುತ್ತೇನೆ. ನಾಲ್ಕು ಜನರ ಮುಂದೆ ಹೆಸರು ಹೇಳಬೇಕಾಗಿ ಬಂದರೆ ಮೊದಲು ನೀರು ಕುಡಿಯುವ ನಾನು ತಮ್ಮಂಥ ಅನುಭವಿಗಳಿಗೆ ಬಹಿರಂಗವಾಗಿ ಬರೆಯುತ್ತಿರುವುದನ್ನು ಉದ್ಧಟತನವೆಂದು ತಿಳಿಯದೆ, ಬೇರೆ ದಾರಿಯಿಲ್ಲದವಳ ಕೆಲಸವೆಂದು ತಿಳಿಯಬೇಕಾಗಿ ಕೋರುತ್ತೇನೆ.

ನಮ್ಮಲ್ಲಿ ಭಾನುವಾರದ ಸೈಕಲ್ ತಂಡವೊಂದಿದೆ. ಅದರ ಕ್ಯಾಪ್ಟನ್ ರೇಣುಕಾಪ್ರಸಾದ್ ಅವರು ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು, ಭಾನುವಾರವೂ ಸೂಪರ್‌ವೈಸರ್ ಆಗಿಯೇ ಇರುತ್ತಾರೆ. ಅವರದು ಕ್ಲಿಪ್ ಪೆಡಲಿನ ಪಂಥ. ಅಂದರೆ ಬೂಟಿನ ತಳಕ್ಕೆ ಒಂದು ಕೊಕ್ಕೆಯಿದ್ದು, ಅದನ್ನು ಪೆಡಲಿಗೆ ಕಟಕ್ಕೆಂದು ಸಿಕ್ಕಿಸಿಕೊಂಡರೆ ಸವಾರರೂ ಸೈಕಲ್ಲೂ ಸತಿಪತಿಗಳಂತೆ ಬೇರೆಯಾಗದೆ ಸಾಗುತ್ತಾರೆ. ನನ್ನದು ದೊಡ್ಡಪ್ಪನ ಮಗ ಲಕ್ಷ್ಮೀಕಾಂತ್ ಬೈಕು ಕೊಂಡ ಮೇಲೆ ನನ್ನ ಪಾಲಿಗೆ ಬಂದ ಸೈಕಲ್, ಅದರಲ್ಲಿದ್ದದ್ದು ಕಾಲನ್ನು ಸುಮ್ಮನೆ ಮೇಲೆ ಇಡುವ ಫ್ಲ್ಯಾಟ್ ಜಾತಿಯ, ಸವೆದು ಸೋಪಿನ ಬಿಲ್ಲೆಯಂತಾಗಿದ್ದ ಪ್ಲಾಸ್ಟಿಕ್ ಪೆಡಲ್. ಮೊದಲ ಇಳಿಜಾರಿನಲ್ಲೇ ಕಾಲು ಜಾರಿ, ನಾನು ಸೀಟಿನಲ್ಲಿ ಕೂರುವ ಬದಲು ಅದರ ಮುಂದಿನ ಕೊಳವೆಯ ಮೇಲೆ ಕೂತದ್ದನ್ನು ತಂಡವೆಲ್ಲ ನೋಡಿದ ಮೇಲೆ, ಕ್ಯಾಪ್ಟನ್ ಅವರು ಬಹಳ ಪ್ರೀತಿಯಿಂದ, "ನೀನ್ ಇಲ್ಲೇ ಬ್ಯಾಗ್‌ಗಳ್ನ ನೋಡ್ಕೋ ತಾಯಿ, ಕ್ಲಿಪ್ ಹಾಕ್ಕೊಂಡ್ ಬಾ, ಆಮೇಲ್ ನೋಡಣ" ಎಂದರು.

ಅಂದಿನಿಂದ ಪ್ರತಿ ಭಾನುವಾರ ಉಳಿದವರು ಗುಡ್ಡ ಹತ್ತಿ ಕೂಗುತ್ತಾ ಇಳಿಯುವಾಗ, ನಾನು ಹುಣಸೆಮರದ ಕೆಳಗೆ ಬ್ಯಾಗುಗಳನ್ನು ಕಾಯುತ್ತಾ ಕೂತೆ. ಯಾರ ಬ್ಯಾಗಿನಲ್ಲಿ ಪುಳಿಯೋಗರೆ ಇದೆ, ಯಾರು ಡಯಟ್ ಎಂದು ಹೇಳಿ ಅಡಿಯಲ್ಲಿ ಕೋಡುಬಳೆ ಬಚ್ಚಿಟ್ಟಿದ್ದಾರೆ ಎಂಬುದನ್ನು ವಾಸನೆಯಿಂದಲೇ ಹೇಳುವಷ್ಟು ಪಳಗಿದೆ. ಆದರೆ ಮಾನ್ಯರೇ, ಆ ಕೂಗು ನನಗೂ ಬೇಕಿತ್ತು. ಮನೆಯಲ್ಲಿ, ಕಾಲೇಜಿನಲ್ಲಿ, ಪ್ರೆಸ್ಸಿನಲ್ಲಿ ಎಲ್ಲಿಯೂ ನಾನು ದನಿಯೆತ್ತಿ ಕೂಗಿದವಳಲ್ಲ. ಇಳಿಜಾರಿನಲ್ಲಾದರೆ ಯಾರೂ ಯಾಕೆ ಕೂಗಿದೆ ಎಂದು ಕೇಳುವುದಿಲ್ಲ. ಮುಂದಿನ ಸವಾರಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಹಿಂದಿನ ಗುಡ್ಡಕ್ಕೆ, ಅಂದರೆ ನನ್ನ ಅಜ್ಜಿಯ ಮನೆಯ ಹಿತ್ತಿಲಿಗೇ, ಎಂದು ತಿಳಿದಾಗ ನಾನು ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಬಿಟ್ಟು ಮೊದಲ ಬಾರಿಗೆ ಒಂದು ವಾಕ್ಯವನ್ನೇ ಬರೆದು ಅವಕಾಶ ಕೇಳಿದೆ. "ಒಂದೇ ಚಾನ್ಸು. ಕಾಲ್ ಜಾರಿದ್ರೆ ಈ ವರ್ಷ ಪೂರ್ತಿ ಬ್ಯಾಗು" ಎಂದು ಉತ್ತರ ಬಂತು.

ಆಗ ನನಗೆ ದಾರಿ ತೋರಿದವರು ತಾವು. ಎಂಥ ಗದ್ಯ ತಮ್ಮದು! 'ಒದ್ದೆ ಕರಡಿ' ಎಂಬ ಹೆಸರಿನ ಮಹನೀಯರು, ಈ ಪೆಡಲಿನ ಮೇಲೆ ಪುಟ್ಟಪುಟ್ಟ ಉಕ್ಕಿನ ಮುಳ್ಳುಗಳಿದ್ದು, ಕಾಲಿಟ್ಟರೆ ಮಳೆ, ಕೆಸರು, ಹಿಮ ಯಾವುದಕ್ಕೂ ಬಗ್ಗದೆ ಹಿಡಿದುಕೊಳ್ಳುತ್ತದೆ ಎಂದು ಬರೆದರು. 'ಇಳಿಜಾರಿನ ತೋಳ' ಅವರು, ಬೂಟನ್ನು ಎತ್ತಬೇಕಾದರೆ ಪೆಡಲಿನ ಅನುಮತಿ ಕೇಳಬೇಕು ಎಂದರು. ಇನ್ನೊಬ್ಬರು ಕಣಕಾಲಿನ ಎಲುಬಿಗೆ ಮುಳ್ಳು ತಾಗಿದಾಗ ಮೂರು ತಲೆಮಾರಿನ ಪೂರ್ವಜರು ಕಂಡರೆಂದು ಬರೆದು, ಅದೇ ಉಸಿರಿನಲ್ಲಿ ಐದು ನಕ್ಷತ್ರ ಕೊಟ್ಟರು. ಸಾಹಿತ್ಯ ಓದಿದ ನಾನು ಇದನ್ನೆಲ್ಲ ಅತಿಶಯೋಕ್ತಿಯೆಂದು ತಿಳಿದು ಆನಂದಪಟ್ಟೆ. ತರಿಸಿದ ಪೆಡಲ್ ಮನೆಗೆ ಬಂದು, ಅದನ್ನು ಹಾಕಿಸಿಕೊಂಡು, ಗೇಟು ದಾಟುವಷ್ಟರಲ್ಲಿ ಅದು ಹಿಂದಕ್ಕೆ ತಿರುಗಿ ನನ್ನ ಎಲುಬಿಗೆ ಬಡಿದಾಗ, ತಮ್ಮದು ಅಲಂಕಾರವಲ್ಲ, ವರದಿ ಎಂದು ತಿಳಿಯಿತು. ನನಗೆ ಅಜ್ಜನವರೆಗೆ ಮಾತ್ರ ಕಂಡರು.

ಇಷ್ಟಕ್ಕೇ ದೂರು ಕೊಡುವವಳಲ್ಲ ನಾನು. ಆದರೆ ತಾವೆಲ್ಲರೂ ಬೂಟಿನ ಬಗ್ಗೆ ಪುಟಗಟ್ಟಲೆ ಬರೆದು, ಹವಾಯಿ ಚಪ್ಪಲಿಯ ಬಗ್ಗೆ ಒಂದಕ್ಷರವನ್ನೂ ಬರೆಯದೇ ಹೋದದ್ದು ಯಾವ ನ್ಯಾಯ? ಮರುದಿನ ಬೆಳಿಗ್ಗೆ ಹಾಲು ತರಲು, ಈ ಭೂಮಿಯ ಮೇಲೆ ಹಾಲು ತರಲು ಹೋಗುವವರೆಲ್ಲ ಹಾಕಿಕೊಳ್ಳುವುದನ್ನೇ ನಾನೂ ಹಾಕಿಕೊಂಡು ಹೊರಟೆ. ಗುಬ್ಬಿ ಬಸ್ ನಿಲ್ದಾಣದ ಎದುರು ಹಂಪು ಬಂತು, ಕಾಲಿಳಿಸಿದೆ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಮುಳ್ಳುಗಳು ಮೆತ್ತನೆಯ ರಬ್ಬರಿನೊಳಗೆ ಹೊಕ್ಕು, ಅದನ್ನು ತಮ್ಮದಾಗಿಸಿಕೊಂಡಿದ್ದವು. ಒಂದು ಕಾಲು ಬರಿಗಾಲಾಗಿ, ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ನಡೆದರೆ, ಪಕ್ಕದಲ್ಲಿ ನನ್ನ ಚಪ್ಪಲಿ ಪೆಡಲಿನ ಮೇಲೆ ರಾಜಠೀವಿಯಲ್ಲಿ ಕೂತು ಬರುತ್ತಿತ್ತು. ಟೀ ಕುಡಿಯುತ್ತಿದ್ದವರಲ್ಲೊಬ್ಬ ಇನ್ನೊಬ್ಬನಿಗೆ, "ಲೇ ನೋಡ್ಲಾ, ಚಪ್ಲಿ ಸೈಕಲ್ ಮೇಲ್ ಹೋಯ್ತದೆ, ಓನರ್ ನಡ್ಕೊಂಡ್ ಹೋಯ್ತಾವ್ಳೆ" ಎಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಆದರೂ ತಮ್ಮ ಮಾತಿನ ಮೇಲಿನ ವಿಶ್ವಾಸ ಇನ್ನಷ್ಟು ಬಲವಾಯಿತೇ ಹೊರತು ಕಡಿಮೆಯಾಗಲಿಲ್ಲ. ಇಷ್ಟು ಹಿಡಿತವಿರುವಾಗ ಗುಡ್ಡದ ಭಯವೇನು ಎಂದು, ಶನಿವಾರ ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕೊತ್ತಗೆರೆಗೆ ಹೋದೆ. ಅಜ್ಜಿ ಗಿರಿಯಮ್ಮನವರು ಜಗಲಿಗೆ ಒರಗಿಸಿದ್ದ ಸೈಕಲನ್ನು ಸುತ್ತ ನೋಡಿ, ಪೆಡಲಿನ ಮುಳ್ಳುಗಳ ಮೇಲೆ ಅಂಗೈ ಆಡಿಸಿ, "ಇಂಥಾದ್ನ ಮೊದ್ಲೇ ತಂದ್ಕೊಡಾಕ್ ಏನಾಗಿತ್ತೇ ನಿಂಗೆ?" ಎಂದು ಗದರಿದರು. ಅಜ್ಜಿಗೆ ಸೈಕಲ್ ಮೇಲೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿಕೊಂಡು ನಾನು ಊಟ ಮಾಡಿ ಬೇಗ ಮಲಗಿದೆ. ನಾನು ಮಲಗಿದ ಮೇಲೆ ಅಲ್ಲಿ ನಡೆದದ್ದನ್ನು ತಾವು ಒಮ್ಮೆಯಾದರೂ ಊಹಿಸಿ ಬರೆದಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗೂಡ್ಸ್ ಗಾಡಿಯಲ್ಲಿ ಸೈಕಲ್ಲುಗಳನ್ನು ಹೇರಿಕೊಂಡು ತಂಡ ಬಂತು. ನಾನು ಹೊಸ ಕ್ಯಾನ್ವಾಸ್ ಶೂ ಬಿಗಿದು, ಅಜ್ಜಿ ಹೂ ಕಟ್ಟಿದ್ದ ಸೈಕಲ್ ಏರಿ, ರೇಣುಕಾಪ್ರಸಾದ್ ಅವರ ಎದುರಿಗೇ ಬಲಗಾಲು ಒತ್ತಿದೆ. ಮಳೆಗೆ ಬಗ್ಗದ, ಕೆಸರಿಗೆ ಬಗ್ಗದ, ಹಿಮಕ್ಕೂ ಬಗ್ಗದ ಆ ಪೆಡಲಿನಿಂದ ನನ್ನ ಕಾಲು ಹಾವುಮೀನಿನಂತೆ ಜಾರಿ, ಎಲುಬು ಮುಳ್ಳಿಗೆ ತಾಗಿ, ಈ ಬಾರಿ ಮುತ್ತಜ್ಜನೂ ಕಂಡರು. "ನೋಡ್ದಾ? ನಾನೇನ್ ಹೇಳ್ದೆ?" ಎಂದು ಕ್ಯಾಪ್ಟನ್ ಅವರು ತಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟು, "ಇಡ್ಲಿ ತಿಂದು ಹೊರಡೋಣ ಕಣ್ರಪ್ಪ" ಎಂದು ಉಳಿದವರನ್ನು ಕರೆದುಕೊಂಡು ಹೋದರು.

ನಾನು ಬ್ಯಾಗು ಹಿಡಿದೇ ಬಗ್ಗಿ ಪೆಡಲನ್ನು ಮೂಸಿ ನೋಡಿದೆ. ದಿನವೂ ಅದರ ಲೇಬಲ್ಲು ತಿದ್ದುವವಳಿಗೆ ಆ ವಾಸನೆ ಗೊತ್ತಾಗದೇ ಇರುತ್ತದೆಯೇ? ಕೊಬ್ಬರಿ ಎಣ್ಣೆ. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಗಂಗಮ್ಮನವರು ಬಂದು, ಸೀರೆಯನ್ನು ಒಂದಿಷ್ಟು ಎತ್ತಿ, "ನೋಡು ಮಗ ನನ್ ಹಿಮ್ಡಿಯ, ಎಳೇ ಕೂಸಿನ್ ಕೆನ್ನೆ ಆದಂಗಾಗದೆ" ಎಂದು ತೋರಿಸಿದಾಗ ಎಲ್ಲವೂ ಬಯಲಾಯಿತು. ರಾಗಿ ಹೊಲದಲ್ಲಿ ಒಡೆದ ಹಿಮ್ಮಡಿಗಳಿಗೆ ಎಣ್ಣೆ ಹಚ್ಚಿ ತಿಕ್ಕಲು, ಅಜ್ಜಿ ಇಷ್ಟು ವರ್ಷ ಹುಡುಕುತ್ತಿದ್ದ ಸಾಧನವನ್ನು ತಾವೆಲ್ಲ ಸೇರಿ ಮನೆಗೆ ಕಳಿಸಿಕೊಟ್ಟಿದ್ದಿರಿ; ರಾತ್ರಿ ಊರಿನ ಅರ್ಧ ಹಿಮ್ಮಡಿಗಳು ಸರದಿಯಲ್ಲಿ ನಿಂತು ಅದರ ಮೇಲೆ ಹಾದು ಹೋಗಿದ್ದವು.

ನಾನು ಅಜ್ಜಿಯ ಎದುರು ಅತ್ತೆ. ಪೆಡಲಿಗಾಗಿ ಅಲ್ಲ, ಬ್ಯಾಗಿಗಾಗಿ. ಅಜ್ಜಿ ನನ್ನ ಕೈಯಲ್ಲಿದ್ದ ಬ್ಯಾಗು ನೋಡಿದರು, ಇಡ್ಲಿ ತಿನ್ನುತ್ತಿದ್ದ ಕ್ಯಾಪ್ಟನ್ ಅವರನ್ನು ನೋಡಿದರು. "ಅಷ್ಟೇ ತಾನೇ? ಎಣ್ಣೆ ಹಚ್ಚಿದ್ಮೇಲೆ ನೀರ್ ಹುಯ್ಯೋದಲ್ವೇ? ಅಳ್ಬ್ಯಾಡ ಬುಡು" ಎಂದವರೇ, ಹಂಡೆಯಿಂದ ಬಿಸಿನೀರು ತಂದು, ಸೀಗೆಪುಡಿ ಕಲಸಿ, ತೆಂಗಿನ ನಾರು ಹಿಡಿದು ಎರಡೂ ಪೆಡಲ್‌ಗಳಿಗೆ ಹಬ್ಬದ ದಿನ ಮಕ್ಕಳಿಗೆ ಮಾಡಿಸುವ ಹಾಗೆ, ಮುಳ್ಳುಮುಳ್ಳನ್ನೂ ಬಿಡದೆ ಸ್ನಾನ ಮಾಡಿಸಿ, ಸೆರಗಿನಲ್ಲಿ ಒರೆಸಿದರು. ದೃಷ್ಟಿಯನ್ನೂ ತೆಗೆಯುತ್ತಿದ್ದರು, ನಾನೇ ಬೇಡವೆಂದೆ.

ಮಾನ್ಯರೇ, ಆಮೇಲಿನದು ತಮ್ಮ ಕೀರ್ತಿಯ ಅಧ್ಯಾಯ. ಕ್ಯಾಪ್ಟನ್ ಅವರು ಕೈತೊಳೆಯುವಷ್ಟರಲ್ಲಿ ಅವರ ಬ್ಯಾಗನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಯಾರನ್ನೂ ಕೇಳದೆ ನಾನು ಗುಡ್ಡ ಹತ್ತಿಬಿಟ್ಟಿದ್ದೆ. ಇಳಿಯುವಾಗ ಕಲ್ಲು ಬಂತು, ಕೊರಕಲು ಬಂತು, ಸೈಕಲ್ ನೆಲ ಬಿಟ್ಟು ನೆಗೆಯಿತು. ನನ್ನ ಕಾಲು ಮಾತ್ರ ಪೆಡಲ್ ಬಿಡಲಿಲ್ಲ. ನಾನು ಕೂಗಿದೆ. ಕುಣಿಗಲ್ಲಿನವರೆಗೆ ಕೇಳಿಸಿರಬೇಕು. ನನ್ನನ್ನು ತಡೆಯಲೆಂದೇ ಹಿಂದೆ ಬಂದ ರೇಣುಕಾಪ್ರಸಾದ್ ಅವರೂ ನಾನೂ ಕೆಳಗಿನ ತಿರುವಿಗೆ ಒಟ್ಟಿಗೇ ತಲುಪಿದಾಗ ಚೌಡಪ್ಪನವರ ಆಡುಗಳು ಅಡ್ಡ ಬಂದವು. ನಾನು ಕಾಲೂರಿ ನಿಂತೆ. ಅವರೂ ನಿಂತರು, ಆದರೆ ಕೊಕ್ಕೆಯಿಂದ ಬೂಟು ಬಿಡಿಸಿಕೊಳ್ಳಲಾಗದೆ, ಬುಡ ಕಡಿದ ತೆಂಗಿನ ಮರದಂತೆ ನಿಧಾನವಾಗಿ, ಗಂಭೀರವಾಗಿ, ಪೂರ್ತಿ ವಾಲಿ ಮಲಗಿದರು. ಚೌಡಪ್ಪನವರು ಹತ್ತಿರ ಬಂದು, ಬಹಳ ಕನಿಕರದಿಂದ, "ಯಾರ್ ಸ್ವಾಮಿ ನಿಮ್ನ ಸೈಕಲ್‌ಗೆ ಕಟ್ಟಾಕಿರೋದು?" ಎಂದು ಕೇಳಿದರು. ನಾನು ನಗಲಿಲ್ಲ. ಮನೆಗೆ ಹೋಗಿ ನಕ್ಕೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಮನವಿ ಇಷ್ಟೇ. ಮುಂದೆ ಹಿಡಿತದ ಬಗ್ಗೆ ಬರೆಯುವಾಗ ಮಳೆ, ಕೆಸರು, ಹಿಮ ಎಂಬಲ್ಲಿಗೆ ನಿಲ್ಲಿಸದೆ ಕೊಬ್ಬರಿ ಎಣ್ಣೆಯನ್ನೂ ಪರೀಕ್ಷಿಸಿ ಬರೆಯಬೇಕು. (ಎಣ್ಣೆಯ ಬಾಟಲಿಯ ಮೇಲೆ 'ಪೆಡಲಿಗೆ ಸೋಕಿಸಬೇಡಿ' ಎಂದು ಸೇರಿಸಲು ನಮ್ಮ ಮಾಲೀಕರಿಗೂ ಬರೆದುಕೊಂಡಿದ್ದೇನೆ.) ಹವಾಯಿ ಚಪ್ಪಲಿಯನ್ನು ಪಾದರಕ್ಷೆಯೆಂದು ಅಂಗೀಕರಿಸಬೇಕು. 'ಒದ್ದೆ ಕರಡಿ' ಅವರು ಖುದ್ದಾಗಿ ಕೊತ್ತಗೆರೆಗೆ ದಯಮಾಡಿಸಿ, ಹಿಮ್ಮಡಿಗಳನ್ನು ಕಣ್ಣಾರೆ ಕಂಡು, ತಮ್ಮ ಅಭಿಪ್ರಾಯವನ್ನು ಪರಿಷ್ಕರಿಸಬೇಕು. ಕಂಪನಿಯವರಿಗೆ ಹೇಳಿ ಪೆಡಲ್‌ಗಳನ್ನು ಬಿಡಿಯಾಗಿ, ಒಂದೊಂದೇ ಮಾರುವಂತೆ ಏರ್ಪಾಡು ಮಾಡಿಸಬೇಕು.

ಈ ಕೊನೆಯದು ತುರ್ತಿನದು. ಅಂದು ಸಂಜೆ ನಾನು ಹೊರಡುವ ಮೊದಲು, ಹಿಮ್ಮಡಿಗಳಿಗೆ ಬೇಕೆಂಬ ಅಜ್ಜಿಯ ಅಪ್ಪಣೆಯಂತೆ ಗಂಗರಾಜು ಮಾವ ಸ್ಪ್ಯಾನರ್ ಹಿಡಿದು ಎರಡೂ ಪೆಡಲ್ ಬಿಚ್ಚಲು ಕೂತರು. ಬಲಗಡೆಯದು ಬಂತು, ಅಜ್ಜಿಯ ಪಾಲಾಯಿತು. ಎಡಗಡೆಯದನ್ನು ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಲೇ ಹೋಗಿ, "ಅವ್ವ, ಇದು ಬರಾಕಿಲ್ಲ ಕಣವ್ವ, ವೆಲ್ಡಿಂಗ್ ಮಾಡವ್ರೆ" ಎಂದು ಕೈಚೆಲ್ಲಿದರು. ಎಡ ಪೆಡಲಿನ ತಿರುಪಿನ ಮರೆಯೇ ಉಲ್ಟಾ, ಅದನ್ನು ಇನ್ನೊಂದು ದಿಕ್ಕಿಗೆ ತಿರುಗಿಸಬೇಕು ಎಂದು ತಮ್ಮಲ್ಲೊಬ್ಬರು ಬರೆದದ್ದನ್ನು ನಾನು ಓದಿದ್ದೆ. ಆದರೆ ಹಿರಿಯರ ಮುಂದೆ ಹೇಗೆ ಬಾಯಿ ಬಿಡುವುದು? ಮೊದಲೇ ಸಂಕೋಚದ ಸ್ವಭಾವ.

ಎಡಗಾಲಿನ ಮಟ್ಟಿಗೆ ಎಂದೆಂದೂ ತಮ್ಮ ವಿಶ್ವಾಸಿ,
ತೇಜಸ್ವಿನಿ
ಗುಬ್ಬಿ

ಮರೆತ ಮಾತು: ಕಳೆದ ಭಾನುವಾರ ರೇಣುಕಾಪ್ರಸಾದ್ ಅವರು ಯಾರೂ ಇಲ್ಲದಾಗ ನನ್ನ ಹತ್ತಿರ ಬಂದು, "ಆ ಮುಳ್ಳಿನ್ ಪೆಡಲ್ ಯಾವ್ದಮ್ಮ? ಸುಮ್ನೆ ಕೇಳ್ದೆ ಅಷ್ಟೇ" ಎಂದರು. ತಮ್ಮ ಪುಟದ ವಿಳಾಸ ಕೊಟ್ಟಿದ್ದೇನೆ. ಮೊದಲ ದಿನ ಹವಾಯಿ ಚಪ್ಪಲಿ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಒಂದು ಸುತ್ತು ಹೋಗಿ ಬಂದರೆ ಹಿಡಿತದ ನಿಜವಾದ ಅನುಭವವಾಗುತ್ತದೆಂದು, ತಮ್ಮೆಲ್ಲರ ಪರವಾಗಿ, ನಾನೇ ಬಾಯಿಬಿಟ್ಟು ಹೇಳಿದ್ದೇನೆ.