ನಮ್ಮ ಕಾರಿನ ಕ್ಲಂಕು

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಟ್ಯೂಷನ್ ಹೇಳುವ ನನಗೆ ಒಂದು ಸದ್ದು ಗುರುತಿಸುವುದು ಯಾವ ಮಹಾ ಕೆಲಸ? ಆ ದಿನದವರೆಗೂ ಹಾಗೇ ಅಂದುಕೊಂಡಿದ್ದೆ.

ಅಂದು ಕಮಲಾಪುರದಲ್ಲಿ ನನ್ನ ಹೆಂಡತಿ ಶರಣಮ್ಮನ ಒಬ್ಬನೇ ತಮ್ಮನ ನಿಶ್ಚಿತಾರ್ಥ. ಹನ್ನೊಂದಕ್ಕೆ ಹುಡುಗಿಗೆ ತಾನೇ ಸೀರೆ ಕೊಟ್ಟು, ಕೈಯಾರೆ ಉಡಿ ತುಂಬಬೇಕೆಂದು ಅವಳಿಗೆ ಬಹಳ ಆಸೆ. ಸೀರೆ, ತೆಂಗಿನಕಾಯಿ ಎಲ್ಲ ಡಿಕ್ಕಿಯಲ್ಲಿದ್ದವು.

ಕಲಬುರಗಿ ದಾಟಿ ಮೊದಲ ತಿರುವಿನಲ್ಲೇ ಸದ್ದು ಬಂತು.

“ಕ್ಲಂಕ್!” ಎಂದೆ.

“ಹಂಗಂದ್ರ?”

“ಭಾರೀ ಕಬ್ಬಿಣ ಕಬ್ಬಿಣಕ್ಕ ಬಡದ್ರ ಕ್ಲಂಕ್. ಗಾಜಿನ ಗ್ಲಾಸು ತಾಕಿದ್ರ ಕ್ಲಿಂಕ್.”

“ರೀ, ಡಿಕ್ಕ್ಯಾಗ ಏನರ ಉರುಳಾಡಾಕತ್ತದೇನು ನೋಡ್ರಿ.”

“ಉರುಳಾಡೂದಕ್ಕ ಬ್ಯಾರೆ ಶಬ್ದ ಅದ!”

ಕಮಲಾಪುರ ಮುಟ್ಟುತ್ತಲೇ ಕಾರನ್ನು ಒಂದು ಗ್ಯಾರೇಜಿಗೆ ತಿರುಗಿಸಿದೆ. ಮೆಕ್ಯಾನಿಕ್ ರಹೀಂ ಭಾಯಿ ಕೇಳಿದ, “ಖಡ್ ಖಡ್ ಅಂತದೋ, ಕಟ್ ಕಟ್ ಅಂತದೋ ಸರ?”

“ಎರಡೂ ಅಲ್ಲ. ಕ್ಲಂಕ್!” ಎಂದು ಅರ್ಥ ಹೇಳಿ, ಪ್ರಯೋಗಕ್ಕೆ ಮೂರು ವಾಕ್ಯಗಳನ್ನೂ ಕೊಟ್ಟೆ. ಪಾಪ, ನಿಂತುಕೊಂಡೇ ಕೇಳಿದ. ಕಬ್ಬಿಣವೇ ಎಂದು ಓದಿದವರು ಹೇಳಿದ ಮೇಲೆ ಇನ್ನೇನು? ಒಂದು ಗಾಲಿ ಬಿಚ್ಚಿದ.

“ಎಲ್ಲಾ ಟೈಟ್ ಅದ ಸರ.”

“ಮತ್ತೊಂದು ಬಿಚ್ರಿ!”

ನಾಲ್ಕೂ ಬಿಚ್ಚಿಸಿದೆ. ಕಾರು ಕಲ್ಲುಗಳ ಮೇಲೆ ಕೂತಿತು. ಹೆಂಡತಿಯ ಫೋನು ಒಂದೇ ಸಮನೆ ಬಡಕೊಳ್ಳುತ್ತಿತ್ತು. ಕೊನೆಗೆ ಅವಳೇ ಎದ್ದು ಹೋಗಿ ಡಿಕ್ಕಿ ತೆಗೆದಳು. ಹಿತ್ತಾಳೆ ಬೋಗುಣಿಯಲ್ಲಿ ಐದು ತೆಂಗಿನಕಾಯಿ! ಒಂದನ್ನು ಉರುಳಿಸಿದಳು. ಅದೇ ಸದ್ದು.

“ಇದೇನ್ರೀ ನಿಮ್ಮ ಭಾರೀ ಕಬ್ಬಿಣ?” ಎಂದಳು. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗಿ ಇಳಿದಾಗ ಒಂದು ಗಂಟೆ. ಶಾಸ್ತ್ರ ಮುಗಿಸಿ ಅಯ್ಯನವರು ಎದ್ದು ಹೋಗಿದ್ದರು. ಅತ್ತೆ ಹೇಳಿದರು, “ಹೊತ್ತು ಮೀರತದ ಅಂತ ಹುಡುಗೀ ಮನ್ಯಾಗಿನ ಸೀರಿನೇ ಇಸ್ಕೊಂಡು, ಬಾಜೂ ಮನಿಯಾಕಿ ಕಡಿಂದ ಉಡಿ ತುಂಬಿಸಿದ್ವಿ!” ಶರಣಮ್ಮ ತಾನು ತಂದ ಸೀರೆಯನ್ನು ಮತ್ತೆ ಚೀಲಕ್ಕೆ ತುರುಕಿದಳು.

“ಯಾಕ್ರೀ ಮಾಸ್ತರ, ಇಷ್ಟು ತಡಾ?” ಎಂದರು ಬೀಗರು.

“ಕಾರಿನ್ಯಾಗ ಕ್ಲಂಕ್ ಅಂತ...”

“ಕ್ಲಂಕ್ ಅಂದ್ರ ಏನ್ರೀ?”

ಇಪ್ಪತ್ತು ವರ್ಷದಲ್ಲಿ ಮನೆಯ ಹೊರಗೆ ಯಾರೂ ತಾವಾಗಿ ನನ್ನನ್ನು ಒಂದು ಶಬ್ದದ ಅರ್ಥ ಕೇಳಿರಲಿಲ್ಲ! ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಶರಣಮ್ಮನೇ ಹೇಳಿದಳು:

“ಹೆಂಡ್ತಿ ಮಾತು ಕೇಳದ ಮಾಸ್ತರಗ ಇಂಗ್ಲಿಷ್‌ನ್ಯಾಗ ಹಂಗಂತಾರ್ರೀ!”

ಅರ್ಥ ಸರಿ, ಪ್ರಯೋಗವೂ ಸರಿ. ಮನಸ್ಸಿನಲ್ಲೇ ನೂರಕ್ಕೆ ನೂರು ಅಂಕ ಕೊಟ್ಟು, ಸುಮ್ಮನೆ ಊಟಕ್ಕೆ ಕುಳಿತೆ.