ಮಲಗುವುದನ್ನೇ ಬಿಟ್ಟ ಸರ್ವರ್ ಮಹಾಶಯರಿಗೆ ಹಾಲೂಡಿಸುವ ತಾಯಿಯ ಬಿನ್ನಹ

ಹೆಬ್ಬಾಳ ಕೈಗಾರಿಕಾ ಪ್ರದೇಶ,
ಮೈಸೂರು

ಮಾನ್ಯರೇ,

ನಮ್ಮ ಕಾರ್ಖಾನೆಯ ಹಾಜರಿ, ರಜೆ, ಗೋದಾಮು, ರವಾನೆ, ಕ್ಯಾಂಟೀನಿನ ಟೋಕನ್ನು, ಇಷ್ಟೂ ತಂತ್ರಾಂಶಗಳನ್ನು ಹೆಗಲ ಮೇಲೆ ಹೊತ್ತು ನಡೆಸುತ್ತಿರುವ ಜಾವಾ ಅಪ್ಲಿಕೇಷನ್ ಸರ್ವರ್ ಮಹಾಶಯರಾದ ತಮ್ಮ ಸನ್ನಿಧಾನಕ್ಕೆ, ರವಾನೆ ವಿಭಾಗದ ಡೇಟಾ ಎಂಟ್ರಿ ಆಪರೇಟರ್ ಸೌಮ್ಯಶ್ರೀ ಮಾಡುವ ನಮಸ್ಕಾರಗಳು. ಹೊಸ ಆವೃತ್ತಿಗೆ ಏರಿದ ಮೇಲೆ ತಾವು ಪರಮ ಕ್ಷೇಮವಾಗಿದ್ದೀರೆಂದು ದಿನಾ ಬೆಳಗ್ಗೆ ತಾವೇ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಸಾರುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ಇತ್ತ ನಾನೂ ನನ್ನ ಎಂಟು ತಿಂಗಳ ಮಗಳು ಇಂಚರಳೂ ಕ್ಷೇಮವೆಂದು ಬರೆಯುವುದು ವಾಡಿಕೆ. ಬರೆದಿದ್ದೇನೆ. ನಂಬುವುದು ಬಿಡುವುದು ತಮಗೆ ಸೇರಿದ್ದು.

ಮೊದಲಿಗೆ ತಮ್ಮ ಪೂರ್ವಾಧಿಕಾರಿಗಳನ್ನು, ಅಂದರೆ ತಮ್ಮದೇ ಹಳೆಯ ಆವೃತ್ತಿಯನ್ನು, ಒಂದೆರಡು ಮಾತಿನಲ್ಲಿ ನೆನೆಯಲು ಅಪ್ಪಣೆಯಾಗಬೇಕು. ಅವರಿಗೆ ಸೋರುವ ಕಾಯಿಲೆಯಿತ್ತು. ಕಂಪ್ಯೂಟರ್ ವಿಭಾಗದ ಯೋಗೇಂದ್ರ ಅದನ್ನು ಮೆಮೊರಿ ಲೀಕ್ ಎನ್ನುತ್ತಿದ್ದರು. ಬೆಳಗಿನಿಂದ ಕೊಟ್ಟ ಮೆಮೊರಿಯೆಲ್ಲ ಎಲ್ಲೆಲ್ಲೋ ಸೋರಿಹೋಗಿ, ಹನ್ನೊಂದರ ಸುಮಾರಿಗೆ ಕೈಕಾಲು ಸೋತು ಮಲಗಿಬಿಡುತ್ತಿದ್ದರು. "ಸರ್ವರ್ ಮಲಗ್ತು ಕಣ್ರೀ" ಎಂದು ಯಾರಾದರೂ ಕೂಗಿದ್ದೇ ತಡ, ಇಡೀ ವಿಭಾಗ ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಿತ್ತು. ಯೋಗೇಂದ್ರ ಬಂದು ಸರ್ವರನ್ನು ತಟ್ಟಿ ಎಬ್ಬಿಸುವಷ್ಟರಲ್ಲಿ ಉಳಿದವರದು ಒಂದು ಕಾಫಿ, ಒಂದಷ್ಟು ಹರಟೆ ಮುಗಿಯುತ್ತಿತ್ತು. ನಾನು ಮಾತ್ರ ಗೇಟಿನ ಪಕ್ಕದ ಶಿಶುಪಾಲನಾ ಕೊಠಡಿಗೆ ಓಡಿ, ಯಾರ ಅನುಮತಿಯನ್ನೂ ಕೇಳದೆ, ಯಾರಿಗೂ ಕಾರಣ ಹೇಳದೆ, ಮಗಳಿಗೆ ಎದೆಹಾಲು ಕುಡಿಸಿ, ತೇಗಿಸಿ, ಆಯಾ ಪುಷ್ಪಮೇರಿಯವರ ಕೈಗೆ ಕೊಟ್ಟು ಬರುತ್ತಿದ್ದೆ. ಅದೇ ಹೊತ್ತಿಗೆ ನನಗೂ ಅದೇ ಕಾಯಿಲೆಯೆಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಬಾರದೆಂದು ನಮ್ಮತ್ತೆ ಹೇಳಿಯಾರು. ಆದರೆ ಹೊತ್ತು ಮೀರಿದರೆ ಹಾಲೂಡಿಸುವವಳ ಎದೆ ಕಲ್ಲಾಗುತ್ತದೆ, ಆಮೇಲೆ ಸೋರುತ್ತದೆ, ಕುರ್ತಾ ಒದ್ದೆಯಾಗುತ್ತದೆ, ವೇಲ್ ಹೊದ್ದು ರವಾನೆಯ ಬಿಲ್ಲು ಹೊಡೆಯಬೇಕಾಗುತ್ತದೆ. ಇದರಲ್ಲಿ ನಾಚುವಂಥದ್ದು ನನಗೇನೂ ಕಾಣುವುದಿಲ್ಲ. ಇಬ್ಬರದೂ ಒಂದೇ ಕಾಯಿಲೆಯಾದ್ದರಿಂದ ಆ ಹಳೆಯವರಿಗೂ ನನಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಗೌರಿ ಹಬ್ಬ ಕಳೆದ ಮೇಲೆ ತಮ್ಮ ಆಗಮನವಾಯಿತು. "ಇನ್ಮೇಲೆ ಡೌನ್ ಅನ್ನೋ ಮಾತೇ ಇಲ್ಲ ಮೇಡಂ, ಲೀಕೆಲ್ಲ ಬಂದ್ ಮಾಡ್ಬುಟ್ಟಿದ್ದೀವಿ" ಎಂದು ಯೋಗೇಂದ್ರ ಎಲ್ಲರಿಗೂ ಜಹಾಂಗೀರು ಹಂಚಿದರು. ನಾನೂ ಚಪ್ಪಾಳೆ ತಟ್ಟಿದೆ, ಎರಡು ಜಹಾಂಗೀರು ತಿಂದೆ ಕೂಡ. ತಮ್ಮ ಹೊಸ ಗುಣಗಳನ್ನು ಅವರು ಬಣ್ಣಿಸುತ್ತ ಹೋದಂತೆ ನನಗೆ ರೋಮಾಂಚನವಾಯಿತು. ತಾವು ಮೆಮೊರಿಯೊಳಗೆ ಸೇರಿದ ಬೇಡದ ಮಾಹಿತಿಯ ಕಸ ಗುಡಿಸುವಾಗಲೂ ಕೆಲಸ ನಿಲ್ಲಿಸುವುದಿಲ್ಲವಂತೆ; ನಮ್ಮ ಮನೆಯಲ್ಲಿ ನಾನು ಪೊರಕೆ ಹಿಡಿದರೆ ಯಜಮಾನರು ಕಾಲೆತ್ತಿಕೊಂಡು ಕೂತು ಪೇಪರ್ ಓದುವುದನ್ನೂ ನಿಲ್ಲಿಸಬೇಕಾಗುತ್ತದೆ. ತಮಗೆ ಒಬ್ಬ ಅವಳಿಯೂ ಇದ್ದಾರಂತೆ. ತಾವು ಅಕಸ್ಮಾತ್ ಬಿದ್ದರೆ ತಮ್ಮ ಕೈಯಲ್ಲಿದ್ದ ಕೆಲಸವನ್ನು ಅವರು ನಡುವಿನಿಂದಲೇ ಎತ್ತಿಕೊಂಡು ಮುಂದುವರಿಸುತ್ತಾರಂತೆ, ಕೆಲಸ ಕೊಟ್ಟವರಿಗೆ ಆಳು ಬದಲಾದದ್ದು ತಿಳಿಯುವುದೇ ಇಲ್ಲವಂತೆ. ಈ ಸೌಲಭ್ಯವನ್ನು ನಾವೂ ಪ್ರಯತ್ನಿಸಿ ನೋಡಿದೆವು. ನನ್ನ ಕೆಲಸವನ್ನು ಪುಷ್ಪಮೇರಿಯವರು ಬಾಟಲಿ ಹಿಡಿದು ಮುಂದುವರಿಸಿದರು. ಮಗಳಿಗೆ ತಕ್ಷಣ ತಿಳಿಯಿತು, ಅವಳು ಕಿರುಚಿದ್ದು ಕ್ಯಾಂಟೀನಿನವರೆಗೂ ಕೇಳಿಸಿತು.

ತಮ್ಮ ಎಲ್ಲ ಗುಣಗಳಿಗೂ ಕಿರೀಟವಿಟ್ಟಂತೆ ಇನ್ನೊಂದಿದೆ. ಆಪರೇಟರ್ ಸ್ವಲ್ಪ ಹೊತ್ತು ಕೀಲಿ ಒತ್ತದಿದ್ದರೆ ತಾವು ಅವಳ ಹೆಸರಿನ ಮುಂದೆ 'ನಿಷ್ಕ್ರಿಯ' ಎಂದು ಬರೆದು, ಪರದೆ ಮುಚ್ಚಿ, ಹಾಜರಿಯಲ್ಲಿ ಅರ್ಧ ದಿನ ಕತ್ತರಿಸುತ್ತೀರಿ. ಇದನ್ನು ಮಾಡುವಾಗ ತಾವು ಒಂದೇ ಒಂದು ಸಲವೂ ಧ್ವನಿ ಏರಿಸಿಲ್ಲವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಹಸುಗೂಸಿನ ತಾಯಿಗೆ ಹಾಲೂಡಿಸಲು ಬಿಡುವು ಕೊಡಬೇಕೆಂದು ಕಾನೂನೇ ಇದೆ. ಹಳೆಯವರು ತಾವಾಗಿಯೇ ಮಲಗುತ್ತಿದ್ದುದರಿಂದ ನನಗೆ ಆ ಕಾನೂನಿನ ನೆನಪಾಗುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ನಮ್ಮ ವಿಭಾಗದ ಮುಖ್ಯಸ್ಥರಾದ ವೃಷಭೇಂದ್ರಪ್ಪನವರ ಮುಂದೆ ಹೋಗಿ ನಿಂತೆ. ದೇವರಂಥ ಮನುಷ್ಯ. "ಅಯ್ಯೋ, ಹೋಗ್ಬನ್ನಿ ಕಣಮ್ಮ, ಬೇಡ ಅನ್ನೋಕೆ ನಾನ್ಯಾರು? ಕಾರಣ ಒಂದು ಸಿಸ್ಟಮ್ಮಿಗೆ ಹಾಕ್ಬುಡಿ ಸಾಕು" ಎಂದರು. ತಮ್ಮ ಬಳಿ ಬಂದು ನೋಡಿದರೆ, ಸೀಟು ಬಿಟ್ಟು ಏಳಲು ತಾವು ಒಪ್ಪುವ ಕಾರಣಗಳಲ್ಲಿ ಊಟವಿದೆ, ಶೌಚವಿದೆ, ತರಬೇತಿಯಿದೆ, ಸಭೆಯಿದೆ, ಬೆಂಕಿ ಬಿದ್ದರೆ ಓಡುವ ಕವಾಯತೂ ಇದೆ. ಮಗು ಇಲ್ಲ. ಇದ್ದುದರಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಸಭೆ ಎನಿಸಿ ಅದನ್ನೇ ಒತ್ತಿದೆ. ಭಾಗವಹಿಸುವವರು ಎಷ್ಟು ಎಂದು ಕೇಳಿದಿರಿ, ಇಬ್ಬರು ಎಂದೆ. ಸ್ಥಳ ಕೇಳಿದಿರಿ, ಶಿಶುಪಾಲನಾ ಕೊಠಡಿ ಎಂದೆ. ವಿಷಯ ಕೇಳಿದಿರಿ. ಸುಳ್ಳು ಹೇಳಬಾರದೆಂದು 'ತುರ್ತು ಪೂರೈಕೆ' ಎಂದು ಬರೆದೆ.

ಪೂರೈಕೆಗೆ ಸಂಬಂಧಿಸಿದ ಸಭೆಯೆಂದರೆ ಮುಖ್ಯಸ್ಥರಿಗೆ ತಾವೇ ಆಹ್ವಾನ ಕಳಿಸುತ್ತೀರೆಂಬ ಹೊಸ ಸೌಲಭ್ಯವನ್ನು ಯೋಗೇಂದ್ರ ಹೇಳುವಾಗ ನಾನು ಬಹುಶಃ ಎರಡನೆಯ ಜಹಾಂಗೀರಿನಲ್ಲಿದ್ದೆ. ವೃಷಭೇಂದ್ರಪ್ಪನವರು ಡೈರಿ, ಪೆನ್ನು ಹಿಡಿದು, ಕೂದಲು ಬಾಚಿಕೊಂಡು ಕೊಠಡಿಯ ಬಾಗಿಲಿಗೇ ಬಂದುಬಿಟ್ಟರು. ಪುಷ್ಪಮೇರಿಯವರು ಎರಡೂ ಕೈ ಅಡ್ಡ ಹಿಡಿದು, "ಸಾರ್, ಒಳೀಕ್ ಬರ್ಬ್ಯಾಡಿ, ಮೀಟಿಂಗ್ ಅರ್ಧಕ್ಕೆ ಬಂದದೆ, ಒಬ್ರು ಇನ್ನೂ ಕುಡೀತಾವ್ರೆ" ಎಂದರು. ಪಾಪ, ಅವರು ಮುಖ ಕೆಂಪಗೆ ಮಾಡಿಕೊಂಡು ಅಲ್ಲಿಂದಲೇ ಹಿಂದಿರುಗಿ ಯೋಗೇಂದ್ರರಿಗೆ ಫೋನು ಮಾಡಿದರು. ಅದರ ಫಲವಾಗಿ ಎರಡು ಕ್ರಮಗಳಾದವು. ನನ್ನ ದರ್ಜೆಯವರು ಸಭೆ ಕರೆಯದಂತೆ ಮರುದಿನವೇ ತಮ್ಮಲ್ಲಿ ತಡೆ ಹಾಕಲಾಯಿತು. ಹಾಲೂಡಿಸುವ ಕಾರಣವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಲಾಗುವುದೆಂದು ತಿಳಿಸಲಾಯಿತು. ಮುಂದಿನ ಆವೃತ್ತಿ ಬರುವ ಹೊತ್ತಿಗೆ ಇಂಚರ ಮುದ್ದೆ ಮುರಿದು ಸಾರಿಗೆ ಅದ್ದಿಕೊಳ್ಳುತ್ತಿರುತ್ತಾಳೆ.

ಆಮೇಲೆ ನಡೆದದ್ದು ತಮ್ಮ ದಾಖಲೆಗೆ ಬಂದಿಲ್ಲ, ಆದ್ದರಿಂದ ತಿಳಿಸುತ್ತೇನೆ. ಅರ್ಧ ದಿನದ ಭಯಕ್ಕೆ ನಾನು ಸೀಟಿನಲ್ಲೇ ಕೂತೆ. ಶೌಚಕ್ಕೆ ತಮ್ಮ ಒಪ್ಪಿಗೆ ಇದೆಯಲ್ಲ, ಅಲ್ಲಿಗೆ ಹೋಗಿ ಕೈತೊಳೆಯುವ ಬೇಸಿನ್ನಿಗೆ ಹಾಲು ಹಿಂಡಿ ನಲ್ಲಿ ಬಿಟ್ಟೆ. ಮಗಳ ಪಾಲಿನದು ಬೆಳ್ಳಗೆ ಸುತ್ತಿ ಸುತ್ತಿ ತೂತಿನಲ್ಲಿ ಇಳಿದುಹೋಯಿತು. ನಾನು ಅತ್ತುಬಿಟ್ಟೆ. ಹಸಿದು ಕಿರುಚಿ ಸುಸ್ತಾದ ಇಂಚರ ಕಡೆಗೆ ಬಾಟಲಿಗೆ ಒಪ್ಪಿಕೊಂಡಳು. ಸಂಜೆ ಬೋಗಾದಿಯ ಮನೆಯಲ್ಲಿ ಮಡಿಲಿಗೆ ಹಾಕಿಕೊಂಡರೆ ಮುಖ ಆ ಕಡೆ ತಿರುಗಿಸತೊಡಗಿದಳು. ನನ್ನ ಹಾಲೂ ಕಡಿಮೆಯಾಗತೊಡಗಿತು. "ಕುಡಿಯೋ ಕೂಸೇ ಬರ್ದಿದ್ರೆ ಹಾಲು ಯಾರಿಗೋಸ್ಕರ ಬರ್ಬೇಕು ಕಣಮ್ಮ?" ಎಂದರು ಪುಷ್ಪಮೇರಿ. ನನ್ನ ಸೋರಿಕೆಯೂ ಹೀಗೆ ಯಶಸ್ವಿಯಾಗಿ ಬಂದ್ ಆಗುತ್ತ ಬಂತೆಂದು ವರದಿ ಮಾಡಲು ಎದೆ ಉರಿಯುತ್ತದೆ.

ಆದಕಾರಣ ತಮ್ಮಲ್ಲಿ ಕೆಲವು ಬೇಡಿಕೆಗಳು. ದಯಮಾಡಿ ದಿನಕ್ಕೊಮ್ಮೆ ತಾವು ಕಾಯಿಲೆ ಬೀಳಬೇಕು. ಜ್ವರವಾದರೂ ಸರಿ, ಸೊಂಟನೋವಾದರೂ ಸರಿ, ಸುಳ್ಳೇ ನರಳಿದರೂ ನಾವು ನಂಬುತ್ತೇವೆ. ಅದು ಘನತೆಗೆ ಕುಂದೆನಿಸಿದರೆ ತಮ್ಮ ಅವಳಿಯನ್ನು ನನ್ನ ಸೀಟಿಗೆ ಕಳಿಸಿ, ನಾನು ಬರುವವರೆಗೆ ಬಿಲ್ಲು ಹೊಡೆಯಲಿ. ಅದೂ ಆಗದಿದ್ದರೆ ಒಂದೇ ಒಂದು ಮಧ್ಯಾಹ್ನ ತಾವು ಒಂದು ಕೂಸನ್ನು ಹೆತ್ತು ನೋಡಬೇಕು.

ಇವು ಈಡೇರುವವರೆಗೆ ಕಾಯಲು ಇಂಚರ ತಯಾರಿಲ್ಲವಾದ್ದರಿಂದ ಈ ಸೋಮವಾರದಿಂದ ಯಾವ ಕಾರಣವನ್ನೂ ಹಾಕದೆ ಎದ್ದು ಹೋಗುತ್ತಿದ್ದೇನೆ. ಹಾಜರಿ ಕತ್ತರಿಸುತ್ತಿದ್ದೀರಿ, ಕತ್ತರಿಸಿ. ಮೊದಲ ದಿನ ಅವಳು ಮುಖ ತಿರುಗಿಸಿ ಅತ್ತಳು. ಮರುದಿನ ಬಾಯಿಟ್ಟು, ಯಾರಿವಳು ಎನ್ನುವಂತೆ ನನ್ನ ಮುಖ ನೋಡಿ, ಬಿಟ್ಟುಬಿಟ್ಟಳು. ಇವತ್ತು ಮತ್ತೆ ಎತ್ತಿಕೊಂಡಿದ್ದೇನೆ.

ತಮ್ಮ ಅಖಂಡ ಎಚ್ಚರಕ್ಕೆ ತಲೆಬಾಗಿದ,
ತಮ್ಮ ವಿಶ್ವಾಸಿ,
ಸೌಮ್ಯಶ್ರೀ
(ಅರ್ಧ ದಿನ ಗೈರುಹಾಜರು)

ತಾಜಾಕಲಂ: ಅಕ್ಷರ ಓರೆಕೋರೆಯಾಗಿದ್ದರೆ ಮನ್ನಿಸಬೇಕು. ಶಿಶುಪಾಲನಾ ಕೊಠಡಿಯ ಚಾಪೆಯ ಮೇಲೆ ಕೂತು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕೈಯಲ್ಲಿ ಇಂಚರ ಇದ್ದಾಳೆ. ಕುಡಿಯುತ್ತಿದ್ದಾಳೆ. ನನ್ನ ಬೆರಳೊಂದನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಾಳೆ. ತಮ್ಮ ಪರದೆಯ ಮೇಲೆ ಈಗ ನಾನು ನಿಷ್ಕ್ರಿಯ.